ಕಾಫಿಯ ನೆರಳಿನಲ್ಲಿ ಎರಡು ರಾಜಧಾನಿಗಳು

ಹೊಯ್ಸಳರೆಂದೊಡನೆ ಕನ್ನಡಿಗರ ಕಣ್ಣೆದುರಿಗೆ ಬಂದು ನಿಲ್ಲುವುದು ಬೇಲೂರಿನ ಮದನಿಕೆಯರು, ಹಳೆಯಬೀಡಿನ ನಂದಿ. ಶಾಲೆಯ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಓಡುವುದು ಅಲ್ಲಿಗೇ. ಪರದೇಶದ ಪ್ರವಾಸಿಗಳು ಕ್ಯಾಮೆರಾ ಹಿಡಿದು ಬೆರಗಾಗಿ ನಿಲ್ಲುವುದೂ ಅಲ್ಲಿಯೇ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾಡೆಲ್ಲ ಹಿಗ್ಗಿತು. ಹಿಗ್ಗಬೇಕಾದುದೇ. ಆದರೆ ಈ ಅರಸರ ಮನೆತನ ಮೊದಲು ಬೇರೂರಿದ ಊರು ಯಾವುದು, ಅದು ಈಗ ಹೇಗಿದೆ ಎಂದು ವಿಚಾರಿಸಿದವರು ಕಡಮೆ. ಅದು ಮೂಡಿಗೆರೆಯ ಕಾಫಿ ತೋಟಗಳ ನಡುವೆ ಅಡಗಿರುವ ಒಂದು ಸಣ್ಣ ಹಳ್ಳಿ. ಹೆಸರು ಅಂಗಡಿ.

ಹೆಸರೇ ಪ್ರವಾಸಿಗೆ ಮೊದಲ ತೊಡಕು. ಮೂಡಿಗೆರೆಯ ಬಸ್ ನಿಲ್ದಾಣದಲ್ಲಿ ನಿಂತು, "ಅಂಗಡಿಗೆ ಹೇಗೆ ಹೋಗುವುದು?" ಎಂದು ಕೇಳಿದರೆ, "ಯಾವ ಅಂಗಡಿ ಸ್ವಾಮಿ?" ಎಂಬ ಮರುಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ಶಾಸನಗಳಲ್ಲಿ ಈ ಊರಿನ ಹೆಸರು ಸೊಸೆವೂರು. ಸಂಸ್ಕೃತ ಬಲ್ಲ ಪಂಡಿತರು ಅದನ್ನೇ ಶಶಕಪುರವೆಂದು ಮಾಡಿದರು, ಅಂದರೆ ಮೊಲದ ಪಟ್ಟಣ. ಪಟ್ಟಣವೆಂಬ ಮಾತು ಶಾಸನದಲ್ಲಿ ಉಳಿಯಿತು. ನೆಲದ ಮೇಲೆ ಉಳಿದುದು ನಾಲ್ಕಾರು ಬೀದಿ, ಹೆಂಚಿನ ಮನೆಗಳು, ಸುತ್ತಲೂ ಕಾಫಿ.

ರೋಮ್ ನಗರದಲ್ಲಿ ಕಾಲ್ನಡಿಗೆಯಲ್ಲಿ ಅಡ್ಡಾಡುವವನಿಗೆ ಪ್ರಾಚೀನ ನಗರದ ಮೇಲೆಯೇ ಹೊಸ ನಗರ ಕುಳಿತಿರುವುದು ಕಾಣುತ್ತದೆ. ಒಂದು ಬೀದಿಯ ತಿರುವಿನಲ್ಲಿ ಎರಡು ಸಾವಿರ ವರ್ಷದ ಕಂಬ, ಅದರ ಪಕ್ಕದಲ್ಲಿ ಕಾಫಿ ಹೋಟೆಲು. ಅಂಗಡಿಯಲ್ಲಿ ಹಳೆಯ ನಗರದ ಮೇಲೆ ಕುಳಿತಿರುವುದು ಹೋಟೆಲಲ್ಲ, ಕಾಫಿಯ ಗಿಡವೇ. ಸಿಲ್ವರ್ ಓಕ್ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಸೊಂಟದೆತ್ತರಕ್ಕೆ ಕತ್ತರಿಸಿ ಬೆಳೆಸಿದ ಕಾಫಿ, ಅದರ ಕೆಳಗೆ ಕೊಳೆಯುತ್ತಿರುವ ಎಲೆಯ ಮೆತ್ತೆ, ಆ ಮೆತ್ತೆಯ ಕೆಳಗೆ ಸೊಸೆವೂರು. ಹೊಯ್ಸಳ ಅರಸರು ಈ ಗಿಡವನ್ನು ಕಂಡವರಲ್ಲ. ಬಾಬಾ ಬುಡನ್ ಎಂಬ ಸೂಫಿ ಸಂತರು ಯಾತ್ರೆಯಿಂದ ಹಿಂದಿರುಗುವಾಗ ಮೋಕಾ ಬಂದರದಿಂದ ಏಳು ಕಾಫಿ ಬೀಜಗಳನ್ನು ತಂದು, ಸುಮಾರು 1670ರಲ್ಲಿ ಇದೇ ಜಿಲ್ಲೆಯ ಗಿರಿಯ ಮೇಲೆ ಬಿತ್ತಿದರೆಂಬುದು ಪ್ರತೀತಿ. ದೊಡ್ಡ ದೊಡ್ಡ ತೋಟಗಳೆದ್ದದ್ದು ಇನ್ನೂ ಈಚೆಗೆ, ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಯುರೋಪಿನ ತೋಟಗಾರರಿಂದ. ಆ ವೇಳೆಗೆ ಸೊಸೆವೂರಿನ ಅರಸರು ಹೆಸರು ಮಾತ್ರವಾಗಿ ಐನೂರು ವರ್ಷ ಸಂದಿತ್ತು.

ಊರಿನಲ್ಲಿ ಮೊದಲು ನೋಡತಕ್ಕದ್ದು ವಸಂತಿಕಾ ದೇವಿಯ ಗುಡಿ. ಶಿಲ್ಪಕಲೆಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಶೆಯೇ ಆದೀತು. ಗುಡಿ ಸರಳವಾದುದು, ಒಳಗಿನ ಮೂರ್ತಿಗಳು ಕಲ್ಲಿನವಲ್ಲ, ಮಣ್ಣಿನವು. ಆದರೂ ಹಳೆಯಬೀಡಿನ ಅಷ್ಟೂ ಕಲ್ಲಿನ ಕುಸುರಿಗೆ ಮೂಲವಾದ ಕಥೆ ನಡೆದುದು ಈ ಮಣ್ಣಿನ ದೇವಿಯ ಎದುರಿನಲ್ಲಿ ಎಂಬುದನ್ನು ಮರೆಯಬಾರದು. ಸಳನೆಂಬ ಯುವಕ ಇಲ್ಲಿ ಜೈನ ಮುನಿ ಸುದತ್ತಾಚಾರ್ಯರ ಬಳಿ ಇದ್ದಾಗ ಕಾಡಿನಿಂದ ಹುಲಿಯೊಂದು ನುಗ್ಗಿ ಬಂದಿತಂತೆ. ಮುನಿಗಳು "ಪೊಯ್ ಸಳ" ಎಂದರಂತೆ. ಹೊಡೆ, ಸಳ ಎಂದು. ಸಳ ಹೊಡೆದ, ವಂಶಕ್ಕೆ ಪೊಯ್ಸಳವೆಂಬ ಹೆಸರು ನಿಂತಿತು. ಚರಿತ್ರಕಾರರು ಈ ಕಥೆಯನ್ನು ಅಷ್ಟಾಗಿ ನಂಬುವುದಿಲ್ಲ. ಪೊಯ್ಸಳ ಎಂಬ ಹೆಸರು ಹನ್ನೊಂದನೆಯ ಶತಮಾನದ ಆರಂಭದಲ್ಲಿಯೇ ಶಾಸನದಲ್ಲಿ ಕಾಣಿಸಿಕೊಂಡರೂ, ಹುಲಿಯ ಕಥೆ ಮೈದುಂಬಿ ಬರುವುದು ವಿಷ್ಣುವರ್ಧನನ ಕಾಲದಲ್ಲಿ, ಬೇಲೂರು ದೇವಾಲಯದ ಪ್ರತಿಷ್ಠೆಯಾದ 1117ರ ಆಸುಪಾಸಿನಲ್ಲಿ. ಗೆದ್ದು ದೊಡ್ಡವರಾದ ಮೇಲೆ ಅರಸರಿಗೆ ಒಂದು ಒಳ್ಳೆಯ ಹುಟ್ಟುಕಥೆ ಬೇಕಾಗುವುದು ಲೋಕದ ರೂಢಿ. ಇನ್ನೊಂದು ಸ್ವಾರಸ್ಯವುಂಟು: ಕಥೆಯಲ್ಲಿ ಬರುವುದು ಹುಲಿ, ಬೇಲೂರಿನ ಬಾಗಿಲಲ್ಲಿ ಸಳ ಇರಿಯುತ್ತಿರುವುದು ಕೇಸರವುಳ್ಳ ಸಿಂಹದಂಥ ಮೃಗವನ್ನು. ಮಲೆನಾಡಿನ ಹುಲಿಯನ್ನು ಬಯಲಿನ ಶಿಲ್ಪಿಗಳು ಸಿಂಹ ಮಾಡಿದರೆಂದು ಅಂಗಡಿಯವರು ದೂರಿದರೆ ಆ ದೂರನ್ನು ತಳ್ಳಿಹಾಕುವುದು ಕಷ್ಟ.

ಗುಡಿಯಿಂದ ಮುಂದಕ್ಕೆ ವಾಹನ ಬೇಕಿಲ್ಲ. ದಿಬ್ಬದ ಮೇಲಿನ ಬಸದಿಗಳಿಗೆ ತೋಟದ ನಡುವಿನ ದಾರಿಯಲ್ಲಿ ನಡೆದೇ ಹೋಗಬೇಕು. ತೋಟದವರನ್ನು ಒಂದು ಮಾತು ಕೇಳಿಕೊಂಡು ಹೋಗುವುದು ಮರ್ಯಾದೆ. ಮಳೆಗಾಲದಲ್ಲಿ ಈ ದಾರಿಯ ಒಡೆತನ ಇಂಬಳಗಳದು. ಅವು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಮಾರ್ಚ್ ಕೊನೆ, ಏಪ್ರಿಲ್ ಮೊದಲಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೋದವನು ಪುಣ್ಯವಂತ. ಆಗ ಗಿಡಗಳ ಮೇಲೆ ಹಿಮ ಸುರಿದಂತೆ ಬಿಳಿಯ ಹೂ, ಮಲ್ಲಿಗೆಗೆ ಸಾಟಿಯಾದ ಕಂಪು. ಬಿದ್ದುಹೋದ ರಾಜಧಾನಿಗೆ ವರ್ಷಕ್ಕೆ ಮೂರು ದಿನ ಯಾರೋ ಹೂ ಏರಿಸಿ ಹೋದಂತೆ ತೋರುತ್ತದೆ.

ಮರಗಳ ನಡುವೆ ಬಸದಿಗಳು ಕಾಣುತ್ತವೆ. ಚಿಕ್ಕವು, ಗಂಭೀರವಾದುವು. ಒಳಗೆ ಜಿನಬಿಂಬಗಳು, ಯಕ್ಷ ಯಕ್ಷಿಯರು. ಹಳೆಯಬೀಡಿನ ಆನೆಗಳ ಸಾಲು, ಬೇಲೂರಿನ ತಿರುಗಣೆಯ ಕಂಬಗಳು ಇಲ್ಲಿಲ್ಲ. ಕೈ ಇನ್ನೂ ಪಳಗುತ್ತಿದ್ದ ಕಾಲದ ಕೆಲಸ ಇದು. ಆದರೆ ಇಲ್ಲಿಯ ಕಲ್ಲುಬರಹಗಳು ಹೇಳುವ ಸಂಗತಿಗಳು ಬೇಲೂರಿಗಿಂತ ಹಳೆಯವು. ವಿಮಲಚಂದ್ರ ಪಂಡಿತದೇವರೆಂಬ ಜೈನ ಗುರುಗಳು ಸುಮಾರು 990ರಲ್ಲಿ ಇಲ್ಲಿ ಸಂನ್ಯಸನ ವ್ರತ ಹಿಡಿದು ದೇಹ ಬಿಟ್ಟರೆಂದು ಒಂದು ಶಾಸನ ತಿಳಿಸುತ್ತದೆ. ಹುಲಿಯ ಕಥೆಯಲ್ಲಿ ಜೈನ ಮುನಿಯೊಬ್ಬರು ಬರುವುದಕ್ಕೆ ನೆಲೆ ಏನೆಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದು ಶಾಸನದಲ್ಲಿ ಬಸದಿಯನ್ನು ಕಟ್ಟಿದ ಶಿಲ್ಪಿಯ ಹೆಸರುಂಟು: ಮಾಣಿಕ ಪೊಯ್ಸಳಾಚಾರಿ. ಅರಸನ ಬಿರುದನ್ನು ತನ್ನ ಹೆಸರಿನೊಳಗೆ ಧರಿಸಿದ ಈ ಕಲ್ಲುಕುಟಿಗನ ಮುಂದಿನ ತಲೆಮಾರುಗಳು ಬೇಲೂರಿನ ಹಲವು ಮದನಿಕೆಯರ ಪಾದದಲ್ಲಿ ತಮ್ಮ ಹೆಸರನ್ನು ಬಿರುದಾವಳಿಯೊಂದಿಗೆ ಕೆತ್ತಿಕೊಳ್ಳುವಷ್ಟು ಧೈರ್ಯವಂತರಾದರು. ಭರತಖಂಡದಲ್ಲಿ ದೇಗುಲ ಕಟ್ಟಿಸಿದವರ ಹೆಸರು ಉಳಿಯುವುದೇ ಹೆಚ್ಚು, ಕಟ್ಟಿದವರದು ಅಪೂರ್ವ. ಹೊಯ್ಸಳ ಶಿಲ್ಪಿಗಳ ಹೆಸರುಗಳಾದರೋ ಹೇರಳವಾಗಿ ದೊರೆಯುತ್ತವೆ. ಆ ವಾಡಿಕೆಯ ಆರಂಭ ಈ ದಿಬ್ಬದಲ್ಲಿದೆ.

ಸೊಸೆವೂರಿನಿಂದ ಆಳಿದವರಲ್ಲಿ ಪ್ರಸಿದ್ಧನಾದವನು ವಿನಯಾದಿತ್ಯ. 1047ರಿಂದ 1098ರವರೆಗೆ ಅರ್ಧ ಶತಮಾನ ಆಳಿದವನು. ಇವನು ಕಟ್ಟಿಸಿದ ಬಸದಿಗಳು, ಕೆರೆಗಳು, ಊರುಗಳು ಎಷ್ಟೆಂಬುದನ್ನು ಶ್ರವಣಬೆಳಗೊಳದ ಒಂದು ಶಾಸನ ಬಣ್ಣಿಸುವ ರೀತಿ ರಮ್ಯವಾಗಿದೆ. ಇಟ್ಟಿಗೆಗಾಗಿ ಮಣ್ಣು ತೆಗೆದ ಗುಂಡಿಗಳು ಕೆರೆಗಳಾದುವಂತೆ. ಕಲ್ಲಿಗಾಗಿ ಒಡೆದ ಬೆಟ್ಟಗಳು ನೆಲಸಮವಾದುವಂತೆ. ಗಾರೆಯ ಬಂಡಿಗಳು ಓಡಾಡಿದ ದಾರಿಗಳು ಕಣಿವೆಗಳಾದುವಂತೆ. ಉತ್ಪ್ರೇಕ್ಷೆಯೇ ಸರಿ. ಆದರೂ ಬಸದಿಯ ಮೆಟ್ಟಿಲ ಮೇಲೆ ಕುಳಿತು, ಎಲೆ ಉದುರುವ ಸದ್ದನ್ನು ಬಿಟ್ಟು ಬೇರೇನೂ ಕೇಳದ ಆ ತೋಟದಲ್ಲಿ, ಗಾರೆಯ ಬಂಡಿಗಳ ಕಿರುಗುಟ್ಟುವಿಕೆಯನ್ನು ಊಹಿಸಿಕೊಳ್ಳಲು ಪ್ರವಾಸಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಹೊಯ್ಸಳರು ಈ ಊರನ್ನು ಏಕೆ ಬಿಟ್ಟರು? ಯಾವ ಶತ್ರುವೂ ಸುಟ್ಟು ಓಡಿಸಿದುದಲ್ಲ. ಬಲಿತ ಮಗ ಪಟ್ಟಣಕ್ಕೆ ಹೋದಂತೆ ಹೋದರು, ಅಷ್ಟೆ. ಮಲೆಯ ನಾಯಕರಿಗೆಲ್ಲ ಗಂಡನೆಂಬ ಅರ್ಥದ ಮಲಪರೊಳ್ಗಂಡ ಎಂಬ ಬಿರುದನ್ನು ಕೊನೆಯವರೆಗೂ ಹೊತ್ತರು. ಆದರೆ ಬೇಸಾಯದ ಬಯಲು, ದೊಡ್ಡ ಕೆರೆ, ದಂಡು ನಡೆಯುವ ದಾರಿ ಇದ್ದುದು ಪೂರ್ವಕ್ಕೆ. ಬೇಲೂರಿಗೆ ಇಳಿದರು, ಅಲ್ಲಿಂದ ದೋರಸಮುದ್ರಕ್ಕೆ. 1116ರಲ್ಲಿ ತಲಕಾಡನ್ನು ಗೆದ್ದ ವಿಷ್ಣುವರ್ಧನನಿಗೆ ಸೊಸೆವೂರು ಅಜ್ಜಿಯ ಮನೆ. ಮುಂದೆ 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂದು ನಿಂತುದೂ ದೋರಸಮುದ್ರದ ಎದುರಿಗೆ. ಸಂಪತ್ತಿದ್ದಲ್ಲಿಗೆ ಕೊಳ್ಳೆಗಾರರು ಬರುತ್ತಾರೆ. ಸೊಸೆವೂರನ್ನು ಕೆಡವಿದುದು ಮಳೆ, ಬೇರು ಮತ್ತು ಮರೆವು.

ಈ ಮರೆವು ಇನ್ನೂ ಸಂಪೂರ್ಣವಾಗದಿರುವುದಕ್ಕೆ ಕಾರಣರಾದವರನ್ನು ಇಲ್ಲಿ ಸ್ಮರಿಸಬೇಕು. ಆಗಿನ ಕಡೂರು ಜಿಲ್ಲೆಯ ಮೂಲೆಮೂಲೆಯ ಕಲ್ಲುಗಳ ಅಚ್ಚು ತೆಗೆಸಿ ಬಿ. ಎಲ್. ರೈಸರು 1901ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆಯ ಆರನೆಯ ಸಂಪುಟವನ್ನು ಹೊರತಂದರು. ಅಂಗಡಿಯೂ ಅದರೊಳಗುಂಟು. ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾದ, ದನ ಕಟ್ಟುವ ಗೂಟವಾದ ಉದಾಹರಣೆಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಕಲ್ಲು ಹೋದರೂ ಓದು ಉಳಿಯಲೆಂದು ಆ ಕಾಲದ ಪಂಡಿತರು ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ, ಇದೇ ಮಳೆಯಲ್ಲಿ ತಿರುಗಿದರು. ಇಂದು ಹಳೆಯ ಗುಡಿಗಳಿಗೆ ಬಂದಿರುವ ಅಪಾಯ ಬೇರೆ ಬಗೆಯದು. ಮಲೆನಾಡಿನಲ್ಲಿ ಸಾಲುಸಾಲಾಗಿ ಜೀರ್ಣೋದ್ಧಾರಗಳಾಗುತ್ತಿವೆ. ಭಕ್ತರ ಕೈಯಲ್ಲಿ ಹಣವಿದೆ, ಮನಸ್ಸಿನಲ್ಲಿ ಶ್ರದ್ಧೆಯಿದೆ. ಆದರೆ ಹೊಳೆಯುವ ಟೈಲ್ಸು, ಎಣ್ಣೆಬಣ್ಣ, ಸಿಮೆಂಟುಗಳಲ್ಲಿ ಒಂದು ಸಾವಿರ ವರ್ಷವನ್ನು ಒಂದೇ ಬೇಸಗೆಯಲ್ಲಿ ಮುಚ್ಚಿಬಿಡಬಹುದು. ಪಾಚಿ ಹಿಡಿದ ಕಲ್ಲನ್ನು ಒರಸಿ, ಬೇರನ್ನು ಬಿಡಿಸಿ, ಬಿದ್ದುದನ್ನು ಬಿದ್ದ ಕ್ರಮದಲ್ಲಿಯೇ ಎತ್ತಿ ನಿಲ್ಲಿಸುವುದು ನಿಧಾನದ ಕೆಲಸ. ಅದಕ್ಕೆ ಉದ್ಘಾಟನೆಯ ಫಲಕವೂ ಸುಲಭವಾಗಿ ಸಿಗುವುದಿಲ್ಲ. ಈ ಊರಿಗೆ ಬೇಕಾದುದು ಅದೇ.

ಮೂಡಿಗೆರೆಗೆ ಮರಳಿ ಪಶ್ಚಿಮದ ದಾರಿ ಹಿಡಿದರೆ ಬಣಕಲ್, ಅದರ ಮುಂದೆ ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಈ ಕೂಡುರಸ್ತೆಯಲ್ಲಿ ಮಂಜು ಮನೆಯೊಳಗೂ ಬರುತ್ತದೆ. ಕೊಟ್ಟಿಗೆಹಾರದ ನೀರುದೋಸೆಯ ಖ್ಯಾತಿಯನ್ನು ಇಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಹೆಂಚಿನಿಂದ ಇಳಿದ ಎರಡನೆಯ ನಿಮಿಷದಲ್ಲಿ ತಿನ್ನದಿದ್ದರೆ ಅದು ನೀರುದೋಸೆಯೇ ಅಲ್ಲವೆಂದಷ್ಟೇ ಹೇಳಬಹುದು. ಮೂಡಿಗೆರೆಯ ತೋಟದಲ್ಲಿ 2007ರಲ್ಲಿ ಕೊನೆಯುಸಿರೆಳೆಯುವವರೆಗೂ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ ನೆನಪಿನ ಪ್ರತಿಷ್ಠಾನವೂ ಇಲ್ಲಿಯೇ ಉಂಟು. ಮುಂದೆ ಜಾವಳಿ, ಹೇಮಾವತಿ ನದಿ ಹುಟ್ಟುವುದು ಅಲ್ಲಿ. ಒಂದೇ ತಾಲ್ಲೂಕಿನ ಒಂದು ಇಳಿಜಾರಿನ ಮಳೆ ಹೇಮಾವತಿಯಾಗಿ ಕಾವೇರಿಯನ್ನು ಸೇರುತ್ತದೆ, ಘಾಟಿಯ ಕಡೆ ಬಿದ್ದುದು ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ, ಕಳಸದ ಕಡೆ ಬಿದ್ದುದು ಭದ್ರೆಯಾಗಿ ಕೃಷ್ಣೆಯ ದಾರಿ ಹಿಡಿಯುತ್ತದೆ. ಒಂದೇ ಮೋಡದ ಮೂವರು ಮಕ್ಕಳು ಮೂರು ದಿಕ್ಕಿಗೆ ಹೋಗುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು.

ಕಳಸವನ್ನು ಹೆಚ್ಚಿನ ಯಾತ್ರಿಕರು ನೋಡುವುದು ಬಸ್ಸು ನಿಂತ ಹತ್ತು ನಿಮಿಷದಲ್ಲಿ. ಅವರ ಗುರಿ ಎಂಟು ಕಿಲೋಮೀಟರ್ ಆಚೆಯ ಹೊರನಾಡು. ಬಂದವರಿಗೆಲ್ಲ ಅನ್ನವಿಕ್ಕುವ ಅನ್ನಪೂರ್ಣೇಶ್ವರಿಯ ಸೆಳೆತ ದೊಡ್ಡದು, ಅದನ್ನು ತಪ್ಪೆನ್ನುವವರಾರು? ಆದರೆ ಒಂದು ಬಸ್ಸನ್ನು ಬಿಟ್ಟು, ಚೀಲವನ್ನು ಹೆಗಲಿಗೇರಿಸಿ, ಅರ್ಧ ದಿನ ಕಳಸದ ಬೀದಿಗಳಲ್ಲಿ ನಡೆದವನು ಒಂದು ಮರೆತ ರಾಜ್ಯದೊಳಗೆ ನಡೆದಂತಾಗುತ್ತದೆ. ಮೂರು ಕಡೆಯೂ ಭದ್ರೆ ಬಳಸಿರುವ, ಸುತ್ತಲೂ ಬೆಟ್ಟ ಕೋಟೆಯಾಗಿರುವ ಈ ಊರು ಬಹುಕಾಲ ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿಯಾಗಿದ್ದು ಈಗ ತಾನೇ ತಾಲ್ಲೂಕಾಗಿದೆ. ಶಾಸನಗಳ ಕಾಲದಲ್ಲಿ ಅದು ರಾಜಧಾನಿ.

ಹದಿಮೂರನೆಯ ಶತಮಾನದಲ್ಲಿ ಇಲ್ಲಿ ಆಳಿದವರು ರಾಣಿಯರು. ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಹೆಸರುಗಳು ಇಲ್ಲಿಯ ಶಾಸನಗಳಲ್ಲಿ ಬರುತ್ತವೆ. ದೆಹಲಿಯಲ್ಲಿ ರಜಿಯಾ ಸುಲ್ತಾನಳು ನಾಲ್ಕು ವರ್ಷ ಆಳಿದುದನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. ಅದೇ ಶತಮಾನದಲ್ಲಿ ಮಲೆನಾಡಿನ ಈ ಮೂಲೆಯಲ್ಲಿ ರಾಣಿಯರ ಆಜ್ಞೆ ನಡೆಯುತ್ತಿದ್ದುದನ್ನು ಬಲ್ಲವರು ಕಳಸದಲ್ಲಿಯೂ ಹೆಚ್ಚಿಲ್ಲ. ಮುಂದೆ ಕಳಸ ಕಾರ್ಕಳಗಳೆರಡನ್ನೂ ಆಳಿದ ಭೈರರಸ ಒಡೆಯರು ಹೊಂಬುಜದ ಸಾಂತರರ ಕುಲದವರು, ಜಿನಭಕ್ತರು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯ ಈ ಮನೆತನದವನು. 1586ರಲ್ಲಿ ಅಲ್ಲಿಯ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನೂ ಇದೇ ಮನೆತನದವನು. ಘಟ್ಟದ ಕೆಳಗೆ ಬಾಹುಬಲಿಯನ್ನು ನಿಲ್ಲಿಸಿದ ಈ ಅರಸರು ಘಟ್ಟದ ಮೇಲೆ ಕಳಸನಾಥನೆಂಬ ಶಿವನಿಗೆ ದತ್ತಿ ಬಿಟ್ಟರು. ತಮ್ಮ ದೇವರು ಬೇರೆ, ಪ್ರಜೆಗಳ ದೇವರು ಬೇರೆ ಎಂಬುದು ಅವರಿಗೆ ತೊಡಕಾಗಿ ಕಂಡಂತಿಲ್ಲ.

ಪೇಟೆಯ ಬೀದಿ ಉದ್ದವಾದುದಲ್ಲ. ಏಲಕ್ಕಿ, ಮೆಣಸು, ಜೇನು, ಕಾಫಿಪುಡಿ, ಅಡಕೆ. ಹುರಿದ ಕಾಫಿಯ ವಾಸನೆಯೇ ದಾರಿ ತೋರಿಸುತ್ತದೆ. ಗಿರಿಜಾಂಬೆಯ ಗುಡಿ ಪ್ರತ್ಯೇಕವಾಗಿದೆ. ಸರ್ವಾಂಗಸುಂದರಿ ಎಂದು ಆಕೆಯ ಹೆಸರು. ಗುಡ್ಡದ ಮೇಲೆ ವರ, ಬೇರೆ ಗುಡಿಯಲ್ಲಿ ವಧು. ವರ್ಷಕ್ಕೊಮ್ಮೆ ಗಿರಿಜಾ ಕಲ್ಯಾಣದಲ್ಲಿ ಮದುವೆ. ಶಿವನ ಮದುವೆಗೆ ಲೋಕವೆಲ್ಲ ಹಿಮಾಲಯದಲ್ಲಿ ನೆರೆದಾಗ ಭೂಮಿ ಒಂದು ಕಡೆ ವಾಲಿತೆಂದೂ, ಸರಿದೂಗಿಸಲು ಅಗಸ್ತ್ಯರನ್ನು ದಕ್ಷಿಣಕ್ಕೆ ಕಳುಹಿಸಿದರೆಂದೂ, ಮದುವೆ ತಪ್ಪಿತೆಂದು ಕೊರಗಿದ ಅವರಿಗೆ ಇಲ್ಲಿಯೇ ಆ ದರ್ಶನವಾಯಿತೆಂದೂ, ಕಲಶದಿಂದ ಶಿವ ಮೂಡಿದನೆಂದೂ ಸ್ಥಳಪುರಾಣ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಂದು ಊರೇ ಬೀಗರಾಗಿ ನಿಲ್ಲುವ ಆ ಹಬ್ಬವನ್ನು ಮದುವೆಮನೆಯ ಓಡಾಟ ಬಲ್ಲ ಗೃಹಿಣಿಯರು ಒಮ್ಮೆ ನೋಡತಕ್ಕದ್ದು.

ಕಳಸೇಶ್ವರನ ಗುಡಿಗೆ ಕಲ್ಲಿನ ಮೆಟ್ಟಿಲುಗಳನ್ನು ಏರಬೇಕು. ವಯಸ್ಸಾದವರು ನಡುನಡುವೆ ನಿಲ್ಲುವುದು ಒಳ್ಳೆಯದು. ನಿಂತಾಗ ಹಿಂದಿರುಗಿ ನೋಡುವುದು ಇನ್ನೂ ಒಳ್ಳೆಯದು. ಕೆಳಗೆ ಹೆಂಚಿನ ಮಾಡುಗಳು, ಅಡಕೆ ತೋಟದ ಹಸುರು ಗರಿ, ಅದರ ಮೇಲೆ ಕಾಫಿಯ ಕಪ್ಪು ಹಸುರು, ಅದರ ಮೇಲೆ ಶೋಲೆ ಕಾಡು, ತುದಿಯಲ್ಲಿ ಬೋಳು ಹುಲ್ಲಿನ ಬೆಟ್ಟ. ಮಲೆನಾಡಿನ ಜೀವನವೆಲ್ಲ ನಾಲ್ಕು ಪಟ್ಟೆಗಳಲ್ಲಿ ಅಲ್ಲಿ ಬರೆದಿದೆ.

ಭದ್ರೆಯ ದಡದಲ್ಲಿ ಪಂಚತೀರ್ಥಗಳು: ರುದ್ರ, ವಸಿಷ್ಠ, ನಾಗ, ಕೋಟಿ, ಅಂಬಾ. ಈ ನದಿ ಹುಟ್ಟುವುದು ಕುದುರೆಮುಖದ ಶ್ರೇಣಿಯ ಗಂಗಾಮೂಲದಲ್ಲಿ, ತುಂಗೆ ನೇತ್ರಾವತಿಯರ ಜೊತೆಗೆ. ಕಳಸದವರಿಗೆ ಭದ್ರೆಯ ಬಣ್ಣ ಬದಲಾದ ಒಂದು ಕಾಲ ನೆನಪಿದೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಇರಾನಿನ ಹಣದಿಂದ, ಇರಾನಿನ ಉಕ್ಕಿನ ಕಾರ್ಖಾನೆಗಾಗಿ ತೊಡಗಿದ ಕೆಲಸ. 1979ರ ಕ್ರಾಂತಿಯಿಂದ ಇರಾನ್ ಹಿಂದೆ ಸರಿದರೂ ಗಣಿ ನಡೆಯಿತು. ಬೆಟ್ಟವನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಕಡಲದಂಡೆಗೆ ಕಳುಹಿಸುತ್ತಿದ್ದರು. ಗಣಿಯ ಹೂಳು ಮಳೆಗಾಲದಲ್ಲಿ ಭದ್ರೆಗಿಳಿಯುತ್ತದೆಂಬುದು ಅದರ ವಿರುದ್ಧ ಎದ್ದ ದೊಡ್ಡ ಕೂಗು. ಅನ್ನ ಕೊಟ್ಟ ಕೆಲಸವೂ ಹೌದು. ಒಂದು ನಗರವೇ ಅದರಿಂದ ಎದ್ದಿತ್ತು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಕೆಲಸ ಹೋದ ಮನೆಗಳ ಕಷ್ಟವನ್ನು ಹಗುರವಾಗಿ ಎಣಿಸಬಾರದು. ಆದರೆ ಸಹ್ಯಾದ್ರಿಯಲ್ಲಿ ಒಂದು ನದಿಗಾಗಿ ಒಂದು ದೊಡ್ಡ ಗಣಿ ಬಾಗಿಲು ಹಾಕಿದುದು ಸಾಮಾನ್ಯ ಸಂಗತಿಯಲ್ಲ. ನದಿಗೂ ತನ್ನದೇ ಆದ ಹಟವುಂಟು. ಕಳಸ ಹೊರನಾಡುಗಳ ನಡುವಿನ ಹೆಬ್ಬಾಳೆ ಸೇತುವೆ ಜೋರುಮಳೆಯಲ್ಲಿ ಮುಳುಗುವುದಕ್ಕೇ ಹೆಸರಾದುದು. ಆ ದಿನಗಳಲ್ಲಿ ಯಾತ್ರಿಕರೂ ಅರಸರಂತೆ ಕಳಸದಲ್ಲಿಯೇ ಬೀಡು ಬಿಡಬೇಕಾಗುತ್ತದೆ.

ಅಂಬಾತೀರ್ಥ ಪೇಟೆಯಿಂದ ಸ್ವಲ್ಪ ದೂರ. ಕಾಲಲ್ಲಿ ಕಸುವುಳ್ಳವರು ನಡೆಯಬಹುದು, ಉಳಿದವರಿಗೆ ಆಟೋ ಉಂಟು. ಅಲ್ಲಿ ಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತದೆ. ನೀರು ಸಾವಿರಾರು ವರ್ಷ ಉಜ್ಜಿ ಉಜ್ಜಿ ಬಂಡೆಗಳಿಗೆ ಕುಂಬಾರನ ಕೈಯ ನುಣುಪು ಬಂದಿದೆ. ಈಜಿನ ಆಸೆಯುಳ್ಳ ತರುಣರು ನೋಡಿ ತೃಪ್ತಿಪಡುವುದೇ ಕ್ಷೇಮ. ಬಂಡೆಗಳ ಮೇಲೊಂದು ಭಾರಿ ಕಲ್ಲು. ಶ್ರೀ ಮಧ್ವಾಚಾರ್ಯರು ಇದನ್ನು ಒಂದೇ ಕೈಯಿಂದ ತಂದು ಇಲ್ಲಿ ಇಟ್ಟರೆಂದು ಸಂಸ್ಕೃತದಲ್ಲಿ ಅಲ್ಲಿಯೇ ಬರೆದಿದೆ. ಆಚಾರ್ಯರ ದೇಹಬಲದ ಕಥೆಗಳನ್ನು ಉಡುಪಿಯ ಕಡೆಯ ಭಕ್ತರು ಚೆನ್ನಾಗಿ ಬಲ್ಲರು. ಹದಿಮೂರನೆಯ ಶತಮಾನದ ಅದೇ ದಶಕಗಳಲ್ಲಿ ಮೇಲೆ ಪೇಟೆಯಲ್ಲಿ ಜೈನ ಮನೆತನದ ರಾಣಿಯರ ಆಳ್ವಿಕೆ, ಗುಡ್ಡದಲ್ಲಿ ಶಿವನ ಪೂಜೆ, ಇಲ್ಲಿ ಹೊಳೆಯ ದಡದಲ್ಲಿ ವೈಷ್ಣವ ಯತಿಗಳ ನೆನಪು. ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ಸಂಜೆ ನಾಲ್ಕರ ಓರೆ ಬಿಸಿಲಿನಲ್ಲಿ ಹೋದರೆ ಅಕ್ಷರಗಳನ್ನು ಗುರುತಿಸುವುದು ಸುಲಭ. ಆ ವೇಳೆಗೆ ತೋಟದ ಕೆಲಸ ಮುಗಿಸಿದ ಹೆಂಗಸರು ಹಣ್ಣು ಕೊಯ್ದ ಕುಕ್ಕೆಗಳನ್ನು ತೊಳೆಯಲು ಹೊಳೆಗೆ ಇಳಿಯುತ್ತಿರುತ್ತಾರೆ. ಹೊರನಾಡಿನ ಬಸ್ಸು ಇನ್ನೂ ಸಿಗುತ್ತದೆ; ರಾತ್ರಿಯ ಊಟ ಅಮ್ಮನವರ ಪಂಕ್ತಿಯಲ್ಲಿ.